ಗಿಲಾವು ಬಳಿಯುವ ಮುನ್ನ ಸಂದು ನೋಡೋಣ



ಲೈನ್ ಮನೆಗೆ ಸಿಮೆಂಟ್ ಬ್ಲಾಕಿನ ಗೋಡೆ ಏಳುವಾಗ ನಾವೆಲ್ಲರೂ ಬ್ಲಾಕನ್ನೇ ನೋಡುತ್ತೇವೆ. ಎರಡು ಬ್ಲಾಕುಗಳ ನಡುವಿನ ಗಾರೆಯ ಸಂದನ್ನು ನೋಡುವವರು ಕಡಿಮೆ. ಆದರೆ ಮಳೆಗಾಲದಲ್ಲಿ ನೀರು ಒಳಗೆ ಬರಲು ದಾರಿ ಮಾಡಿಕೊಳ್ಳುವುದು ಬಹಳ ಸಲ ಈ ಸಂದಿನಲ್ಲೇ.

40 ಸೆಂಟಿಮೀಟರ್ ಎಂದು ಹೇಳುವ ಬ್ಲಾಕನ್ನು ಅಳೆದರೆ ಉದ್ದ 39 ಇರುತ್ತದೆ. 20 ಎನ್ನುವ ಎತ್ತರ 19 ಇರುತ್ತದೆ. ಇದು ಮೋಸವಲ್ಲ. ಉಳಿದ 1 ಸೆಂಟಿಮೀಟರ್ ಗಾರೆಯ ಪಾಲು. ಐ.ಎಸ್. 2185 ಎಂಬ ಭಾರತೀಯ ಮಾನಕವು ಬ್ಲಾಕಿನ ಅಳತೆಯನ್ನು ಈ ಲೆಕ್ಕದಲ್ಲೇ ಇಟ್ಟಿದೆ.

ಹೀಗೆ ಕಟ್ಟಿದರೆ 3 ಮೀಟರ್ ಎತ್ತರಕ್ಕೆ 15 ವರಸೆ ಬೇಕು. ಸಂದನ್ನು 2 ಸೆಂಟಿಮೀಟರ್ ಮಾಡಿದರೆ 14 ವರಸೆಗೇ ಗೋಡೆ 294 ಸೆಂಟಿಮೀಟರ್ ಏರುತ್ತದೆ. ಒಂದು ವರಸೆ ಬ್ಲಾಕು ಉಳಿಯಿತು, ಉಳಿದದ್ದು ಯಾರಿಗೆ? ದಪ್ಪ ಸಂದು ಒಣಗುವಾಗ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ, ಗೋಡೆಯ ಬಲವೂ ತಗ್ಗುತ್ತದೆ. ಹಾಗೆಂದು ತೀರ ತೆಳ್ಳಗೆ ಮಾಡಿದರೂ ಕೆಡುಕೇ: ಬ್ಲಾಕಿಗೆ ಬ್ಲಾಕು ತಾಗಿ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ನಿಂತ ಸಂದುಗಳಿಗೆ ಗಾರೆ ತುಂಬದೆ ಬಿಡುವುದಂತೂ ಗಾಳಿಮಳೆಗೆ ಬಾಗಿಲು ತೆರೆದಿಟ್ಟಂತೆ.

ತಪ್ಪನ್ನೆಲ್ಲ ಗಾರೆ ಕೆಲಸದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರೂ ನಮ್ಮಂತೆ ಕೂಲಿ ಮಾಡಿ ಬದುಕುವವರು. ಅಂಕುಡೊಂಕಾದ ಬ್ಲಾಕು ಕೊಟ್ಟು, ಸಂಜೆಯೊಳಗೆ ಇಷ್ಟು ವರಸೆ ಏರಿಸಿ ಎಂದು ಅವಸರ ಮಾಡಿದರೆ ಎಂಥ ಕೈಗಾರನ ಕರಣೆಯೂ ಸೋಲುತ್ತದೆ. ಬ್ಲಾಕು ಆರಿಸಿದವರು, ಗುತ್ತಿಗೆ ಹಿಡಿದವರು, ಕೆಲಸ ನೋಡಿಕೊಳ್ಳುವವರು ಮೊದಲು ಉತ್ತರ ಹೇಳಬೇಕು.

1951ರ ತೋಟ ಕಾರ್ಮಿಕರ ಕಾನೂನು ಕಾರ್ಮಿಕರಿಗೆ ಮನೆ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಸೋರುವ ಗೋಡೆ ನಿಲ್ಲಿಸಿ ಮನೆ ಕೊಟ್ಟೆವು ಎಂದರೆ ಆ ಹೊಣೆ ತೀರಿತೆ? ಒದ್ದೆ ಗೋಡೆಯ ಪಕ್ಕ ಮಲಗಿ ಕೆಮ್ಮುವವರು ನಮ್ಮ ಮಕ್ಕಳು, ನಮ್ಮ ಮುದುಕರು.

ಆದ್ದರಿಂದ ನಾವು ಕೇಳುವುದು ಇಷ್ಟೇ. ಗೋಡೆ ಮುಗಿದ ಮೇಲೆ, ಗಿಲಾವು ಬಳಿಯುವ ಮುನ್ನ, ಆ ಮನೆಯಲ್ಲಿ ವಾಸಿಸುವವರಿಗೆ ಒಂದು ದಿನ ನೋಡಲು ಬಿಡಬೇಕು. ಗಿಲಾವು ಬಿದ್ದ ಮೇಲೆ ಒಳ್ಳೆಯ ಸಂದೂ ಕೆಟ್ಟ ಸಂದೂ ಒಂದೇ ರೀತಿ ಕಾಣುತ್ತವೆ. ಅಂದು ಮನೆಯ ಹೆಂಗಸರೂ ಬರಲಿ. ಶಾಲೆಗೆ ಹೋಗುವ ಮಕ್ಕಳ ಅಡಿಕೋಲು ಕೈಯಲ್ಲಿರಲಿ. ಹತ್ತು ಕಡೆ ಅಳೆದು, ಕಂಡದ್ದನ್ನು ಬರೆದುಕೊಂಡು, ಎಲ್ಲರೂ ಸೇರಿ ಹೇಳೋಣ. ಒಬ್ಬರು ಹೇಳಿದರೆ ದೂರು ಎನ್ನುತ್ತಾರೆ. ಇಡೀ ಲೈನು ಅಳತೆ ಹಿಡಿದು ಹೇಳಿದರೆ ಕೇಳಲೇಬೇಕಾಗುತ್ತದೆ.