ಒಂದು ಸಂಜೆಮಲ್ಲಿಗೆಗೆ ಜಾಗ ಕೊಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಚರಂಡಿ ಪಕ್ಕದ ಸಂಜೆಮಲ್ಲಿಗೆ ಪೊದೆಯನ್ನು ಕಳೆ ಎಂದು ಕಿತ್ತು ಕಾಂಕ್ರೀಟ್ ಹಾಕಿಸಿದೆವು. ಸಂಜೆ ನಾಲ್ಕರ ಮೇಲೆ ಗುಲಾಬಿ, ಹಳದಿ ಹೂ ಅರಳುತ್ತಿದ್ದ ಕಡೆ ಈಗ ಎರಡು ಸ್ಕೂಟರ್ ನಿಲ್ಲುತ್ತವೆ. ಆ ತಪ್ಪಿನಲ್ಲಿ ನನ್ನದೂ ಪಾಲಿದೆ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ: ಈ ಮಳೆಗಾಲ ನಿಮ್ಮ ಕಾಂಪೌಂಡಿನ ಮೂಲೆಯಲ್ಲಿ ಒಂದು ಸಂಜೆಮಲ್ಲಿಗೆ ಬೆಳೆಸಿ.

ದುಡ್ಡು ಕೊಟ್ಟು ತರಬೇಕಾದ ಗಿಡವಲ್ಲ ಇದು. ಅಜ್ಜಿಯ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ, ಬಾಳೆಯ ಬುಡದಲ್ಲಿ ತಾನಾಗಿ ಏಳುತ್ತಿತ್ತು. ಹೂವಿನ ಉದ್ದ ತೊಟ್ಟುಗಳನ್ನೇ ಜಡೆಯಂತೆ ಹೆಣೆದು, ದಾರವಿಲ್ಲದೆ ದಂಡೆ ಮಾಡಿ ಅಕ್ಕ ಮುಡಿಯುತ್ತಿದ್ದಳು. ಗಿಡ ಇರುವವರ ಮನೆಯಿಂದ ಕಾಳುಮೆಣಸಿನಂಥ ನಾಲ್ಕು ಕಪ್ಪು ಬೀಜ ಕೇಳಿ ತನ್ನಿ. ಒಂದು ರಾತ್ರಿ ನೆನೆಹಾಕಿ, ಬಿಸಿಲು ಬೀಳುವ ಕಡೆ ಅರ್ಧ ಇಂಚು ಆಳದಲ್ಲಿ ಊರಿ. ಒಂದೆರಡು ವಾರಕ್ಕೆ ಮೊಳೆಯುತ್ತದೆ. ಗಿಡ ಒಣಗಿದರೂ ನೆಲದೊಳಗಿನ ಗೆಡ್ಡೆ ಉಳಿದು ಮುಂದಿನ ಮಳೆಗೆ ಚಿಗುರುತ್ತದೆ. ಬೀಜ, ಬೇರು ಎರಡೂ ವಿಷ. ಚಿಕ್ಕ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅಮೆರಿಕ ಖಂಡದಿಂದ ಬಂದ ಗಿಡವಾದ್ದರಿಂದ ಕಾಡಂಚಿನಲ್ಲಿ ಎರಚುವುದೂ ಬೇಡ, ಅಂಗಳದಲ್ಲೇ ಇರಲಿ. ಓದುವ ಮಕ್ಕಳಿದ್ದರೆ ಇದನ್ನೂ ಹೇಳಿ: ಕೆಲವು ಗುಣಗಳು ತಾಯಿಗಿಡದಿಂದ ಮಾತ್ರ ಬರುತ್ತವೆ ಎಂಬುದನ್ನು 1909ರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಕಂಡುಕೊಂಡಿದ್ದು ಇದೇ ಗಿಡದ ಮಚ್ಚೆ ಎಲೆಗಳಿಂದ.

ಆದರೆ ಗಿಡ ನೆಟ್ಟು, ಅದರ ನೆತ್ತಿಯ ಮೇಲೆ ಎಲ್ಇಡಿ ಫ್ಲಡ್‌ಲೈಟ್ ಉರಿಸಿದರೆ ಏನು ಬಂತು? ಕತ್ತಲಾಗುವಾಗ ಪರಿಮಳ ಬಿಟ್ಟು ಈ ಹೂ ಕರೆಯುವುದು ಪತಂಗಗಳನ್ನು. ಒಂದು ಸಂಜೆ ದೀಪ ಆರಿಸಿ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಹೆಬ್ಬೆರಳಿಗಿಂತ ದಪ್ಪದ ಪತಂಗವೊಂದು ಬಂತು. ಹೂವಿನ ಮೇಲೆ ಕೂರಲೇ ಇಲ್ಲ. ಗಾಳಿಯಲ್ಲೇ ನಿಂತು, ಸುರುಳಿ ಸುತ್ತಿದ್ದ ನಾಲಿಗೆಯನ್ನು ನೀಳವಾಗಿ ಬಿಚ್ಚಿ ಕೊಳವೆಯ ತಳಕ್ಕಿಳಿಸಿತು. ರೆಕ್ಕೆಯ ಗಾಳಿ ನನ್ನ ಕೆನ್ನೆಗೆ ತಾಗಿತು. ದೀಪ ಉರಿಯುತ್ತಿದ್ದರೆ ಇಂಥವು ಹೂ ಬಿಟ್ಟು ಬಲ್ಬನ್ನೇ ಸುತ್ತಿ ಸುಸ್ತಾಗುತ್ತವೆ, ಬೆಳಗ್ಗೆ ಪೊರಕೆಗೆ ಸಿಗುತ್ತವೆ. ದಯವಿಟ್ಟು ಏಳರಿಂದ ಒಂಬತ್ತರವರೆಗಾದರೂ ಗಿಡದ ಕಡೆಯ ದೀಪ ಆರಿಸಿ. ಭಯವಿದ್ದರೆ ಗೇಟಿನ ದೀಪವೊಂದನ್ನು ನೆಲಕ್ಕೆ ಬಾಗಿಸಿಡಿ.

ನಂದಿಬಟ್ಟಲು, ಕಣಗಿಲೆ ಎಲೆ ತಿನ್ನುವ, ಬೆನ್ನ ಮೇಲೆ ನೀಲಿ ಕಣ್ಣುಗಳಂಥ ಗುರುತಿರುವ ದಪ್ಪ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಮುಂದೆ ಹಸಿರು ರೆಕ್ಕೆಯ ಪತಂಗವಾಗಿ ಸಂಜೆ ಹೂಗಳಿಗೆ ಬರುವುದು ಅದೇ. ಗಿಡ ಮತ್ತೆ ಚಿಗುರಿಕೊಳ್ಳುತ್ತದೆ.

ಆ ಪೊದೆ ಕೀಳುವ ಹಿಂದಿನ ದಿನ ಏನೋ ತೋಚಿ ಹಿಡಿಯಷ್ಟು ಬೀಜ ಹೆಕ್ಕಿಟ್ಟಿದ್ದೆ. ಈಗ ಅವನ್ನು ಹಳೆಯ ಡಬ್ಬಿಯೊಂದಕ್ಕೆ ತುಂಬಿ ನಮ್ಮ ಗೇಟಿಗೆ ಕಟ್ಟಿದ್ದೇನೆ, ಬೇಕಾದವರು ಕೇಳದೆಯೇ ಒಯ್ಯಬಹುದು. ನಿಮ್ಮ ಗಿಡ ಬೀಜ ಕಟ್ಟಿದ ಮೇಲೆ ನಿಮ್ಮ ಗೇಟಿಗೂ ಒಂದು ಡಬ್ಬಿ ಕಟ್ಟಿ.