ತಿದ್ದೋಕೆ ಫೈಲೇ ಇಲ್ಲ!

ಕೋಡ್ ಬರೆಯೋ ನಮಗೆ ಪ್ಯಾಚ್ ಅಂದ್ರೆ ಗೊತ್ತು. ಟ್ರಿಪನೊಸೋಮಾ ಅನ್ನೋ ಏಕಕೋಶ ಪರಾವಲಂಬಿಗೂ ಗೊತ್ತು. ಅದರ ಮೈಟೊಕಾಂಡ್ರಿಯಾದ ಎಷ್ಟೋ ಜೀನ್‌ಗಳು ಅರೆಬರೆ. ಅವುಗಳ ಎಂಆರ್‌ಎನ್‌ಎಯನ್ನು ಹಾಗೇ ಓದಿದರೆ ಸರಿಯಾದ ಪ್ರೋಟೀನ್ ಬರಲ್ಲ. ಜೀನ್‌ನಲ್ಲಿಲ್ಲದ ನಾಲ್ಕು 'ಯು' ಅಕ್ಷರ ಆರ್‌ಎನ್‌ಎಯಲ್ಲಿ ಸಿಕ್ಕಿದ್ದು 1986ರಲ್ಲಿ. ಸೇರಿಸಿದ್ದು ಹೇಗೆ? ಉತ್ತರ 1990ರಲ್ಲಿ ಬಂತು: ಗೈಡ್ ಆರ್‌ಎನ್‌ಎ.

ಈ ಪುಟ್ಟ ಗೈಡ್‌ನ ಒಂದು ತುದಿ ಎಂಆರ್‌ಎನ್‌ಎ ಜೊತೆ ಜೋಡಿಯಾಗಿ ಅಂಟಿಕೊಳ್ಳುತ್ತೆ. ಅದರಾಚೆ ಜೋಡಿ ತಪ್ಪಿದ ಕಡೆ ಕಿಣ್ವಗಳು ಎಂಆರ್‌ಎನ್‌ಎ ಕತ್ತರಿಸಿ, ಗೈಡ್ ಹೇಳಿದಷ್ಟು ಯು ಸೇರಿಸಿ ಅಥವಾ ತೆಗೆದು, ಮತ್ತೆ ಬೆಸೆಯುತ್ತವೆ. ಹೀಗೆ ತಿದ್ದಿದ ಭಾಗವೇ ಮುಂದಿನ ಗೈಡ್‌ಗೆ ಅಂಟುವ ಜಾಗ. ಆಫ್ರಿಕಾದ ನಿದ್ರಾರೋಗದ ಟಿ. ಬ್ರೂಸಿಯಲ್ಲಿ ಒಂದೇ ಎಂಆರ್‌ಎನ್‌ಎಗೆ 547 ಯು ಸೇರ್ಪಡೆ, 41 ಡಿಲೀಟ್! ಇಂಥದ್ದು ಕೋಡ್ ರಿವ್ಯೂಗೆ ಬಂದ್ರೆ ನಾನಂತೂ ಅಪ್ರೂವ್ ಮಾಡಲ್ಲ.

ನಮ್ಮಲ್ಲಿ ದನ, ಕುದುರೆಗಳಿಗೆ ಸರ್ರಾ ರೋಗ ತರೋದು ಇದರ ದಾಯಾದಿ ಟಿ. ಇವಾನ್ಸಿ. ಯಲಹಂಕದ ಪಶುರೋಗ ಸಂಸ್ಥೆ ನಿವೇದಿ ಅಧ್ಯಯನ ಮಾಡೋ ರೋಗಗಳಲ್ಲಿ ಇದೂ ಒಂದು. ಜ್ವರ, ರಕ್ತಹೀನತೆ, ಹಾಲು ಇಳಿಕೆ, ಕೆಲವೊಮ್ಮೆ ಸಾವು. ತಮಾಷೆ ಅಂದ್ರೆ, ಇವಾನ್ಸಿ ಆ ಅರೆಬರೆ ಜೀನ್‌ಗಳನ್ನೇ ಕಳಕೊಂಡಿದೆ. ಅವಿಲ್ಲದೆ ತ್ಸೆತ್ಸೆ ನೊಣದೊಳಗೆ ಬೆಳೆಯೋಕಾಗಲ್ಲ. ಹಾಗಾಗಿ ರಕ್ತದ ಸಕ್ಕರೆಯಲ್ಲೇ ಬದುಕಿ, ಕಚ್ಚುವ ನೊಣಗಳ ಬಾಯಿಗಂಟಿ ದನದಿಂದ ದನಕ್ಕೆ ಹೋಗುತ್ತೆ. ತ್ಸೆತ್ಸೆಯೇ ಇಲ್ಲದ ನಮ್ಮ ಕೊಟ್ಟಿಗೆಗೂ ಬಂದಿದ್ದು ಹೀಗೆ.

ಈ ಥರದ ಯು ತಿದ್ದುಪಡಿ ನಮ್ಮ ದೇಹದಲ್ಲಿಲ್ಲ, ಆದ್ದರಿಂದ ಅದನ್ನೇ ತಡೆಯುವ ಔಷಧಿ ಹುಡುಕಾಟ ಸರಿಯಾದದ್ದೇ. ಬ್ರೂಸಿಗೆ ಅದು ಏಟು. ಇವಾನ್ಸಿಗೆ ತಿದ್ದಲು ಏನೂ ಉಳಿದಿಲ್ಲ, ನಮ್ಮ ದನಗಳಿಗೆ ಬೇರೆ ಮದ್ದೇ ಬೇಕು.