ಕನ್ನಡದ ಮನೆಯಲ್ಲಿ ಅತಿಥಿಗಳಾರು?

ಕನ್ನಡಿಗನೆಂದರೆ ಯಾರೆಂಬುದನ್ನು ನಾನು ಬಲ್ಲೆನೆಂದು ಬಹುಕಾಲ ನಂಬಿದ್ದೆನು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಅಷ್ಟು ಅಭಿಮಾನವಿರುವುದು ಸಹಜವೇ. ಮಗ್ಗದ ಕೆಲಸಗಾರರೊಬ್ಬರ ಒಂದೇ ಮಾತಿನಿಂದ ಆ ಅಭಿಮಾನಕ್ಕೆ ಪೆಟ್ಟು ಬಿದ್ದಿತು. ಅದನ್ನು ಮುಚ್ಚಿಡದೆ ವಾಚಕರ ಮುಂದಿಡುತ್ತೇನೆ; ಅವರಲ್ಲಿ ನನ್ನಂತಹ ಉಪಾಧ್ಯಾಯರೂ ಅನೇಕರಿರಬಹುದು.

ಕೆಲವು ವರ್ಷಗಳ ಕೆಳಗೆ, ರಾಜ್ಯೋತ್ಸವದ ದಿನ, ನಮ್ಮ ರಾಜಘಟ್ಟದ ಮುಸಲ್ಮಾನ ಹುಡುಗನೊಬ್ಬನು ನಿಸಾರ್ ಅಹಮದರ ‘ನಿತ್ಯೋತ್ಸವ’ವನ್ನು ಹಾಡಿ, ಅದರ ಅರ್ಥವನ್ನೂ ಸೊಗಸಾಗಿ ವಿವರಿಸಿದನು. ಆ ಕವಿಗಳು 1936ರಲ್ಲಿ ಹುಟ್ಟಿದುದು ನಮಗೆ ನೆರೆಯ ದೇವನಹಳ್ಳಿಯಲ್ಲಿ. ಹೀಗಾಗಿ ಊರಿನವರಿಗೆಲ್ಲ ಹೆಮ್ಮೆಯೆನಿಸಿತು. ನಾನು ಎದ್ದು ನಿಂತು, “ಮುಸಲ್ಮಾನರ ಹುಡುಗನಾದರೂ ಎಷ್ಟು ಸ್ವಚ್ಛವಾದ ಕನ್ನಡ!” ಎಂದು ಹೊಗಳಿ ಮೊದಲನೆಯ ಬಹುಮಾನವನ್ನಿತ್ತೆನು. ಸಭೆಯು ಚಪ್ಪಾಳೆ ತಟ್ಟಿತು.

ಸಂಜೆ ಹುಡುಗನ ತಂದೆ ಬಂದರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುವವರು, ಮಾತು ಕಡಿಮೆ. “ಮೇಷ್ಟ್ರೇ, ಬಹುಮಾನ ಕೊಟ್ರಿ, ಬಹಳ ಸಂತೋಷ. ಆದರೆ ಎರಡನೇ ಬಹುಮಾನ ಬಂದ ಹುಡುಗನಿಗೆ ‘ನಿನಗೆ ಕನ್ನಡ ಚೆನ್ನಾಗಿ ಬರುತ್ತೆ’ ಅಂತ ತಾವು ಹೇಳಲಿಲ್ಲವಲ್ಲ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆ ಎರಡನೆಯ ಹುಡುಗನ ಮನೆಮಾತು ತೆಲುಗು. ನಮ್ಮ ತಾಲ್ಲೂಕಿನ ನೇಕಾರ ಮನೆತನಗಳಲ್ಲಿ ಇದು ಹೊಸತಲ್ಲ. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಇವರ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಅದೇ ಕನ್ನಡ. ಒಬ್ಬನ ಕನ್ನಡ ನನಗೆ ಸಹಜವಾಗಿಯೂ ಮತ್ತೊಬ್ಬನದು ಸೋಜಿಗವಾಗಿಯೂ ಕಂಡುದೇಕೆ? ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ; ಅವರನ್ನು “ಆದರೂ” ಎಂಬ ಮಾತಿನಿಂದ ನಾವೆಂದೂ ಹೊಗಳಿದವರಲ್ಲ. 1956ರ ಏಕೀಕರಣದಲ್ಲಿ ನಮ್ಮ ಕೈತಪ್ಪಿಹೋದ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು ಕನ್ನಡದಲ್ಲಿಯೇ ಬರೆದರು. ಆ ನೆಲಕ್ಕಾಗಿ ಕಣ್ಣೀರಿಡುವ ನಮ್ಮವರಲ್ಲಿ ಎಷ್ಟು ಮಂದಿ ಅವರ ಒಂದು ಪುಸ್ತಕವನ್ನಾದರೂ ಓದಿದ್ದಾರು?

ನಮ್ಮೂರಿನ ನೆಲವು ನನ್ನನ್ನು ಇನ್ನೂ ಹೆಚ್ಚು ನಾಚಿಸಿತು. 2001ರ ಉತ್ಖನನದಲ್ಲಿ ಇಲ್ಲಿ ಬೌದ್ಧರ ಚೈತ್ಯ, ವಿಹಾರಗಳ ಅವಶೇಷಗಳೂ ಮಣ್ಣಿನ ಪುಟ್ಟ ಸ್ತೂಪಗಳೂ ದೊರೆತವು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, “ಇವರು ನಮ್ಮ ಪೂರ್ವಿಕರು” ಎನ್ನುತ್ತೇನೆ. ಅವರ ಧರ್ಮ ನನ್ನದಲ್ಲ; ಆದರೂ ನಾಲಗೆ ತಡವರಿಸುವುದಿಲ್ಲ. ಸತ್ತವರ ವಿಷಯದಲ್ಲಿ ಔದಾರ್ಯವು ಬಲು ಸುಲಭ. ಅವರು ಬಾಡಿಗೆಗೆ ಮನೆ ಕೇಳರು, ಮಗನಿಗೆ ಕೆಲಸ ಕೇಳರು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆನು, ಮುಗಿಯಲಿಲ್ಲ. ಆ ವರ್ಷ ಪಟಕ್ಕೆ ಹೂ ಹಾಕುವಾಗ ಹುಡುಗನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ಹೊಳೆದುದು 2025ರಲ್ಲಿ. ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರನ್ನು ಮೈಸೂರು ದಸರೆಯ ಉದ್ಘಾಟನೆಗೆ ಸರಕಾರವು ಕರೆದಾಗ, ಅವರ 2023ರ ಭಾಷಣವೊಂದನ್ನು ವಿರೋಧಿಗಳು ಹೊರತೆಗೆದರು. ಕನ್ನಡವನ್ನು ಭುವನೇಶ್ವರಿಯನ್ನಾಗಿಸಿ, ಅರಿಶಿನ ಕುಂಕುಮದ ಬಾವುಟವನ್ನು ಹಿಡಿದರೆ ತಾನು ಎಲ್ಲಿ ನಿಲ್ಲಬೇಕೆಂಬುದು ಆ ಭಾಷಣದ ತಿರುಳು. ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಎರಡೂ ಕಡೆ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಪುಷ್ಪಾರ್ಚನೆ ಮಾಡಿ ದಸರೆಯನ್ನು ಉದ್ಘಾಟಿಸಿದರು. 2017ರಲ್ಲಿ ನಿಸಾರ್ ಅಹಮದರು ಅದೇ ಕಾರ್ಯಕ್ಕೆ ಹೋದಾಗ ಇಷ್ಟು ಗದ್ದಲವಾದುದು ನನಗೆ ನೆನಪಿಲ್ಲ.

ಆಕೆಯ ಪ್ರಶ್ನೆಯನ್ನು ನಾನು ಅಪರಾಧವೆಂದು ಎಣಿಸಲಾರೆ. ಹರಿದು ಹಂಚಿಹೋಗಿದ್ದ ನಾಡನ್ನು ಒಂದಾಗಿ ಕಾಣಿಸುವುದಕ್ಕೆ ಏಕೀಕರಣದ ಹಿರಿಯರಿಗೆ ತಾಯಿಯ ಮೂರ್ತಿಯೊಂದು ಬೇಕಾಗಿತ್ತು. ಆ ಮೂರ್ತಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ, ಅದನ್ನು ಬಿಡಲಾರೆ. ಆದರೆ ದೇವರು ಒಬ್ಬನೇ, ಅವನಿಗೆ ರೂಪವಿಲ್ಲ ಎಂಬ ನಂಬಿಕೆಯುಳ್ಳವನು ಹೂವನ್ನು ಮುಟ್ಟದಿದ್ದರೆ ಅದು ಅವನ ಧರ್ಮನಿಷ್ಠೆಯೇ ಹೊರತು ನಾಡಿಗೆ ಬಗೆದ ದ್ರೋಹವಲ್ಲ.

ಇಂತಹ ಕಡೆ ಶಿಶುನಾಳ ಷರೀಫರ ಹೆಸರೆತ್ತಿ ಕೈತೊಳೆದುಕೊಳ್ಳುವುದು ನಮ್ಮ ಭಾಷಣಕಾರರ ವಾಡಿಕೆ. ಗೋವಿಂದಭಟ್ಟರ ಶಿಷ್ಯರಾದ ಆ ಮಹಾನುಭಾವರು ಸಾವಿರಕ್ಕೊಬ್ಬರು. ಅವರಂತೆ ಹಾಡುವವನು ಮಾತ್ರ ನಮ್ಮವನೆಂದರೆ, ಐದು ಹೊತ್ತು ನಮಾಜು ಮಾಡಿ ಮಗ್ಗಕ್ಕೆ ಹೋಗುವ ಸಾಮಾನ್ಯನ ಗತಿಯೇನು? ಎಲ್ಲ ಧರ್ಮಗಳೂ ಒಂದೇ ಎಂಬ ಮಾತನ್ನೂ ನಾನು ಒಪ್ಪಲಾರೆ. ನನ್ನ ಪೂಜೆ ಬೇರೆ, ಅವರ ನಮಾಜು ಬೇರೆ. ನೆರೆಯವರಾಗಿ ಬಾಳುವುದಕ್ಕೆ ಅವೆರಡೂ ಒಂದಾಗಬೇಕಾಗಿಲ್ಲ.

2025ರ ನವೆಂಬರಿನಲ್ಲಿ ನಾನೊಂದು ಸಣ್ಣ ಮಾರ್ಪಾಡು ಮಾಡಿದೆನು. ಇಷ್ಟವುಳ್ಳವರಿಗೆ ಮೊದಲೇ ಪಟದ ಪೂಜೆ. ಆಮೇಲೆ ಎಲ್ಲರೂ ಸೇರಿ ನಾಡಗೀತೆ, ಭಾಷಣ, ಬಹುಮಾನ. ಹುಡುಗನು ಈಗ ಕಾಲೇಜಿನಲ್ಲಿದ್ದಾನೆ; ಅವನ ತಂಗಿ ಈ ಸಲ ಭಾಷಣ ಮಾಡಿದಳು. ಎರಡು ಕಡೆ ವ್ಯಾಕರಣ ತಪ್ಪಿದಳು, ತಿದ್ದಿದೆನು. ತಂದೆ ಹಿಂದಿನ ಬೆಂಚಿನಲ್ಲಿ ಕುಳಿತು ನಕ್ಕರು. ಪೂಜೆಯನ್ನು ಬೇರೆ ಮಾಡಿದೆನೆಂದು ಊರಿನ ಹಿರಿಯರೊಬ್ಬರು ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರ ಮನೆಗೆ ಎರಡು ಬಾರಿ ಹೋಗಿ ಬಂದೆನು, ಮತ್ತೆಯೂ ಹೋಗುವವನಿದ್ದೇನೆ.